ಒಂದು ಕಿಲೋ ಹತ್ತು ಗ್ರಾಂ

ಮನುಷ್ಯ ಪ್ರಾಮಾಣಿಕನಾಗಿರಬೇಕು, ಒಪ್ಪೋಣ. ಆದರೆ ಎಷ್ಟು ಗ್ರಾಂ ಪ್ರಾಮಾಣಿಕನಾಗಿರಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಯಾರಾದರೂ ಹೇಳಿಕೊಟ್ಟಿದ್ದರೆ ನಮ್ಮ ತಕ್ಕಡಿರಾಯರಿಗೆ, ಹೆಂಡತಿ ಪರದೇಶದಲ್ಲಿ ಊರು ನೋಡುತ್ತಿದ್ದ ಆ ನಾಲ್ಕು ದಿನ, ಒಬ್ಬರೇ ಮನೆಯಲ್ಲಿ ಕೂತು ಒಂದು ನೀಲಿ ಶಾಲನ್ನು ಮಡಚುವುದು, ಬಿಡಿಸುವುದು, ಮತ್ತೆ ಮಡಚುವುದು ಮಾಡುವ ಗತಿ ಬರುತ್ತಿರಲಿಲ್ಲ.

ತಕ್ಕಡಿರಾಯರು ಎಂಬುದು ಅವರ ಹೆಸರಲ್ಲ, ಬಿರುದು. ಅಂಗಡಿಗಳ ತಕ್ಕಡಿ ರಿಪೇರಿ ಮಾಡುವುದು ಅವರ ಕಸುಬು. ಬೀದಿಯ ಮೂಲೆಯ ಅವರ ಪುಟ್ಟ ಕೋಣೆಯಲ್ಲಿ ಮುಳ್ಳು ಮುರಿದ ತಕ್ಕಡಿ, ತಟ್ಟೆ ಸೊಟ್ಟಗಾದ ತಕ್ಕಡಿ, ಸಂಖ್ಯೆ ಮಿಣಮಿಣ ಅನ್ನುವ ಹೊಸ ಕಾಲದ ತಕ್ಕಡಿ, ಎಲ್ಲವೂ ರೋಗಿಗಳ ಹಾಗೆ ಸಾಲಾಗಿ ಕೂತಿರುತ್ತವೆ. ಇವುಗಳ ನಡುವೆ, ಮರದ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆಯ ಮೇಲೆ ಪವಡಿಸಿರುತ್ತದೆ ಅವರ ಗುರುಗಳು ಕೊಟ್ಟ ಒಂದು ಕಿಲೋದ ಹಿತ್ತಾಳೆಯ ತೂಕದ ಬಟ್ಟು. ಅದನ್ನು ರಾಯರು ಬರಿಗೈಯಲ್ಲಿ ಮುಟ್ಟಿದವರೇ ಅಲ್ಲ. ಬೆರಳಿನ ಜಿಡ್ಡು ತಾಗಿದರೆ ತೂಕ ಹೆಚ್ಚಾಗುತ್ತದಂತೆ. (ಹೆಂಡತಿಯ ಕೈಯನ್ನು ಇಷ್ಟು ನಾಜೂಕಾಗಿ ಹಿಡಿದದ್ದು ಯಾರೂ ನೋಡಿಲ್ಲ.) ಮಗಳು ಹುಟ್ಟಿದ ದಿನ ನರ್ಸಮ್ಮ ನಗುನಗುತ್ತಾ ಬಂದು, "ಹೆಣ್ಣು ಮಗು, ಮೂರು ಕಿಲೋ!" ಎಂದಾಗ ರಾಯರು ಮಗುವನ್ನು ಎತ್ತಿಕೊಂಡು, "ಇಲ್ಲಮ್ಮ, ಎರಡು ಕಿಲೋ ಒಂಬೈನೂರ ನಲವತ್ತು," ಎಂದಿದ್ದರು. ಅದನ್ನು ಅವರ ಹೆಂಡತಿ ಇವತ್ತಿಗೂ ಮರೆತಿಲ್ಲ.

ಹೆಂಡತಿ ಟೀಚರಮ್ಮ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಭೂಗೋಳ ಪಾಠ ಮಾಡಿದವರು. ಕೋಲಿನ ತುದಿಯಲ್ಲಿ ಎಲ್ಲ ಸಮುದ್ರಗಳನ್ನೂ ದಾಟಿದ್ದರು, ಕಾಲಿನಲ್ಲಿ ಒಂದನ್ನೂ ದಾಟಿರಲಿಲ್ಲ. ನಕಾಶೆಯಲ್ಲಿ ಎರಡು ಸಮುದ್ರ ಕೂಡುವ ಒಂದು ಜಾಗವಿತ್ತು. ಪ್ರತಿ ವರ್ಷ ಅಲ್ಲಿ ಕೋಲಿಟ್ಟಾಗ ಯಾವುದಾದರೂ ಒಂದು ತರಲೆ, "ಟೀಚರ್, ನೀವು ನೋಡಿದ್ದೀರಾ?" ಎಂದು ಕೇಳೇ ಕೇಳುತ್ತಿತ್ತು. "ಇನ್ನೂ ಇಲ್ಲ," ಎನ್ನುತ್ತಿದ್ದರು. ರಾಯರು ಮದುವೆಯಾದ ವರ್ಷವೇ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದರು. ಆಮೇಲೆ ಮಗಳ ಓದು, ಸೂರಿನ ಸೋರಿಕೆ, ಯಾರದೋ ತಕ್ಕಡಿ, ಏನೇನೋ ಅಡ್ಡ ಬಂದವು. "ಇನ್ನೂ ಇಲ್ಲ" ಎಂಬ ಪಾಠವನ್ನೇ ಓದಿಸುತ್ತಾ ಟೀಚರಮ್ಮ ನಿವೃತ್ತರಾದರು.

ಈ ವರ್ಷ ಅವರು ಕೇಳುವ ಗೋಜಿಗೇ ಹೋಗಲಿಲ್ಲ. ತಾವೇ ಹೋಗಿ ಟೂರಿಗೆ ಇಬ್ಬರ ಹೆಸರು ಕೊಟ್ಟು ಬಂದರು. ನಾಲ್ಕು ದಿನ. ಎರಡು ದಿನ ಶಾಪಿಂಗ್, ಎರಡು ದಿನ ಊರು ನೋಡುವುದು. ಎರಡನೇ ದಿನ ಅಲ್ಲಿನ ಗೋಪುರವೊಂದರ ತೊಂಬತ್ತನೇ ಮಹಡಿಯ ಬಯಲು ಅಂಗಳ. ಅಲ್ಲಿ ನಿಂತರೆ ಎರಡು ಸಮುದ್ರಗಳೂ ಒಟ್ಟಿಗೇ ಕಾಣುತ್ತವಂತೆ.

"ಅಲ್ಲಿ ನಾವಿಬ್ಬರೂ ನಿಂತು ಒಂದು ಫೋಟೋ. ನನಗೆ ಅಷ್ಟೇ ಸಾಕು," ಎಂದರು ಟೀಚರಮ್ಮ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಟೂರಿನವನು ಬಾಯಿ ಬಿಟ್ಟು ಒಂದು ಮಾತು ಹೇಳಿದ: "ಇಬ್ಬರಿಗೂ ಸೇರಿ ಒಂದೇ ಸೂಟ್‌ಕೇಸು ಸಾರ್. ಹೋಗೋವಾಗ ಹದಿನೈದು ಕಿಲೋ. ಬರೋವಾಗ ಇಪ್ಪತ್ತು. ಮಧ್ಯದ ಐದು ಕಿಲೋ ನಿಮ್ಮ ಶಾಪಿಂಗು."

ಕಿಲೋ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಅಲ್ಲಿಯವರೆಗೆ ಟೂರೆಂದರೆ ಆಕಳಿಸುತ್ತಿದ್ದ ರಾಯರು ಎದ್ದು ಕೂತರು. ಮಾರನೆಯ ಬೆಳಿಗ್ಗೆ ಊಟದ ಮೇಜು ತೂಕದ ಮೇಜಾಯಿತು. ಮನೆಯ ಸಮಸ್ತ ವಸ್ತುಗಳೂ ಒಂದೊಂದಾಗಿ ತಕ್ಕಡಿ ಏರಿ ಇಳಿದವು.

"ಈ ಚಪ್ಪಲಿ ಐನೂರ ಅರವತ್ತು. ಒಂದು ಜೊತೆ ಕಾಲಲ್ಲೇ ಇರುತ್ತಲ್ಲ, ಇನ್ನೊಂದು ಯಾಕೆ?"

"ಒದ್ದೆಯಾದ್ರೆ?"

"ಒಣಗುತ್ತೆ."

"ಕಿತ್ತು ಹೋದ್ರೆ?"

"ತೂಕ ಕಮ್ಮಿಯಾಗುತ್ತೆ. ಒಳ್ಳೇದೇ ಆಯ್ತು."

ಬಾಚಣಿಗೆ ಇಪ್ಪತ್ತೆರಡು ಗ್ರಾಂ, ಒಂದೇ ಸಾಕು. (ರಾಯರ ತಲೆಗೆ ಅದರ ಅಗತ್ಯ ಬಿದ್ದು ಹನ್ನೊಂದು ವರ್ಷವಾಗಿತ್ತು.) ಸೋಪಿನ ಸರದಿ ಬಂದಾಗ ರಾಯರ ಮುಖ ಬೆಳಗಿತು. "ನೋಡೇ, ನಾಲ್ಕು ದಿನಕ್ಕೆ ಸೋಪು ಅರವತ್ತು ಗ್ರಾಂ ಸವೆಯುತ್ತೆ. ಅಂದ್ರೆ ನಿನಗೆ ಅರವತ್ತು ಗ್ರಾಂ ಹೆಚ್ಚಿಗೆ ಶಾಪಿಂಗು. ಚೆನ್ನಾಗಿ ಉಜ್ಜಿ ಸ್ನಾನ ಮಾಡಿದ್ರೆ ಎಪ್ಪತ್ತು!"

"ನಿಮ್ಮನ್ನೇ ಅಲ್ಲಿ ಬಿಟ್ಟು ಬಂದ್ರೆ ಎಷ್ಟು ಕಿಲೋ ಶಾಪಿಂಗ್ ಮಾಡಬಹುದು?" ಎಂದು ಕೇಳಿದರು ಟೀಚರಮ್ಮ.

"ಎಪ್ಪತ್ತೊಂದು ಕಿಲೋ ಇನ್ನೂರು," ಎಂದರು ರಾಯರು ತಲೆ ಎತ್ತದೆ.

ಮೇಜಿನ ತುದಿಯಲ್ಲಿದ್ದ ಮರದ ಪೆಟ್ಟಿಗೆ ಆಗ ಟೀಚರಮ್ಮನ ಕಣ್ಣಿಗೆ ಬಿತ್ತು.

"ಇದೇನ್ರೀ?"

"ಬಟ್ಟು."

"ಬಟ್ಟು ಅಂತ ಕಾಣುತ್ತೆ. ಸೂಟ್‌ಕೇಸ್ ಪಕ್ಕ ಯಾಕೆ ಕೂತಿದೆ?"

"ಪರದೇಶ ಕಣೇ. ಭಾಷೆ ಬರಲ್ಲ, ಜನ ಗೊತ್ತಿಲ್ಲ. ಒಂದು ಕಿಲೋ ಅಂತ ಹೇಳಿ ಒಂಬೈನೂರು ಗ್ರಾಂ ಕೈಗಿಟ್ರೆ ಯಾರನ್ನ ಕೇಳ್ತೀಯಾ?"

"ನಾನೇನು ಅಲ್ಲಿಗೆ ಈರುಳ್ಳಿ ತರೋಕೆ ಹೋಗ್ತಿದ್ದೀನಾ?" ಟೀಚರಮ್ಮ ಪೆಟ್ಟಿಗೆಯ ಮುಚ್ಚಳ ಹಾಕಿದರು. "ನೋಡ್ರೀ, ಇದೊಂದು ಮಾತು ಕೇಳಿ. ಇಷ್ಟು ವರ್ಷ ಈ ಮನೇಲಿ ನಿಮ್ಮ ಜೊತೆ, ಆ ಬಟ್ಟಿನ ಜೊತೆ, ಇಬ್ಬರ ಜೊತೆಗೂ ಸಂಸಾರ ಮಾಡಿದ್ದೀನಿ. ಈ ನಾಲ್ಕು ದಿನ ನಾವಿಬ್ಬರೇ ಹೋಗೋಣ."

"ಆಯ್ತು ಮಾರಾಯ್ತಿ, ಬಿಡು," ಎಂದರು ರಾಯರು. ಹಾಗೆನ್ನುವಾಗ ಅವರ ಮನಸ್ಸಿನಲ್ಲಿ ಮೋಸವಿರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಮೋಸ ಬಂದದ್ದು ಆಮೇಲೆ.

ಕೊನೆಯಲ್ಲಿ ತಕ್ಕಡಿ ಏರಿದ್ದು ಶಾಲು. ನಿವೃತ್ತಿಯಾದ ಮೇಲೆ ಎಂಟು ತಿಂಗಳು ಕಿಟಕಿಯ ಪಕ್ಕ ಕೂತು ಟೀಚರಮ್ಮ ತಾವೇ ಹೆಣೆದ ನೀಲಿ ಉಣ್ಣೆಯ ಶಾಲು. ತೊಂಬತ್ತನೇ ಮಹಡಿಗೆಂದೇ ಹೆಣೆದದ್ದು. ರಾಯರು ಕನ್ನಡಕ ಸರಿಮಾಡಿಕೊಂಡರು.

"ಒಂದು ಕಿಲೋ ಹತ್ತು ಗ್ರಾಂ! ಇದೇನು ಶಾಲೋ, ಜಮಖಾನೆಯೋ? ಒಬ್ಬರು ಹೊದೆಯೋಕೆ ಇಷ್ಟಗಲ ಯಾಕೆ? ಅರ್ಧ ಸಾಕಾಗಿತ್ತಲ್ಲ."

ಟೀಚರಮ್ಮ ಅದನ್ನು ತಕ್ಕಡಿಯಿಂದ ಎತ್ತಿ ಮಡಚಿದರು. "ಮೇಲೆ ಗಾಳಿ ಜಾಸ್ತಿಯಂತೆ," ಎಂದಷ್ಟೇ ಹೇಳಿ ಶಾಲನ್ನು ಸೂಟ್‌ಕೇಸಿನ ಮೇಲ್ಗಡೆ ಇಟ್ಟರು. ಒಟ್ಟು ತೂಕ ಕರಾರುವಾಕ್ಕಾಗಿ ಹದಿನೈದು ಕಿಲೋ.

ಹೊರಡುವ ಬೆಳಿಗ್ಗೆ ಟ್ಯಾಕ್ಸಿಯವನು ಹಾರನ್ ಬಾರಿಸುತ್ತಿದ್ದ. ಟೀಚರಮ್ಮ ಹಿಂದಿನ ಬಾಗಿಲ ಚಿಲಕ ನೋಡಲು ಹೋದರು. ರಾಯರು ಸೂಟ್‌ಕೇಸಿನ ಜೊತೆ ಒಬ್ಬರೇ ಉಳಿದರು. ಮನುಷ್ಯನನ್ನು ಅವನ ಚಟದ ಜೊತೆ ಒಂದು ನಿಮಿಷವೂ ಒಬ್ಬನನ್ನೇ ಬಿಡಬಾರದು. 'ಅಂಥಾ ಚಳಿಯೇನು ಇರಲ್ಲ. ಇದ್ದರೆ ಅಲ್ಲೇ ಒಂದು ಕೊಂಡರಾಯಿತು,' ಎಂದುಕೊಂಡರು. ಶಾಲು ಹೊರಗೆ ಬಂತು, ಬಟ್ಟು ಒಳಗೆ ಹೋಯಿತು. ಶಾಲನ್ನು ಬೀರುವಿನಲ್ಲಿ ಹಳೇ ದಿಂಬುಗಳ ಹಿಂದೆ ತುರುಕಿದರು. ಹತ್ತು ಗ್ರಾಂ ಉಳಿತಾಯವೂ ಆಯಿತೆಂದು ಆ ಪುಣ್ಯಾತ್ಮನಿಗೆ ಸಂತೋಷ ಬೇರೆ.

ವಿಮಾನ ನಿಲ್ದಾಣದಲ್ಲಿ ಟೂರಿನ ಮೂವತ್ತು ಜನ ಸಾಲು ನಿಂತಿದ್ದರು. ರಾಯರ ಹಿಂದೆಯೇ ಅವರದೇ ಬೀದಿಯ ಔಷಧಿ ಅಂಗಡಿಯವರು, ಅವರ ಹೆಂಡತಿ. ರಾಯರ ಸೂಟ್‌ಕೇಸು ಕೌಂಟರಿನ ತಕ್ಕಡಿ ಏರಿತು. ಸಂಖ್ಯೆ ಮೂಡಿತು: ಹದಿನಾಲ್ಕು ಕಿಲೋ ಆರುನೂರು.

"ಸರಿಯಾಗಿದೆ ಸಾರ್," ಎಂದು ಕೌಂಟರಿನ ಹುಡುಗಿ ನಕ್ಕಳು.

"ಸರಿಯಾಗಿಲ್ಲಮ್ಮ," ಎಂದರು ರಾಯರು. "ಹದಿನಾಲ್ಕು ಒಂಬೈನೂರ ತೊಂಬತ್ತು ಇರಬೇಕು. ನಿಮ್ಮ ತಕ್ಕಡಿ ಸುಮಾರು ನಾನೂರು ಗ್ರಾಂ ಕಮ್ಮಿ ತೋರಿಸ್ತಿದೆ."

"ರಾಯರೇ!" ಔಷಧಿ ಅಂಗಡಿಯವರು ಹಿಂದಿನಿಂದ ಅಂಗಿ ಜಗ್ಗಿದರು. "ಕಮ್ಮಿ ತೋರಿಸಿದ್ರೆ ನಮಗೇ ಲಾಭ ಅಲ್ವೇನ್ರೀ? ನಮ್ಮದು ಮುನ್ನೂರು ಗ್ರಾಂ ಜಾಸ್ತಿ ಇದೆ. ದಮ್ಮಯ್ಯ, ಸುಮ್ನಿರಿ."

"ಸುಮ್ನಿರಬಹುದಾದ ವಿಷಯ ಅಲ್ಲ ಇದು."

"ರೀ, ಬನ್ನಿ," ಎಂದರು ಟೀಚರಮ್ಮ ಮೆಲ್ಲಗೆ.

"ಐದೇ ನಿಮಿಷ. ಈಗ ತೋರಿಸ್ತೀನಿ ನೋಡು." ವೀರಾವೇಶ ಬಂದವನಿಗೆ ಹಿಂದುಮುಂದು ಕಾಣುವುದಿಲ್ಲ. ರಾಯರು ಸೂಟ್‌ಕೇಸನ್ನು ನೆಲಕ್ಕಿಳಿಸಿ, ಎಲ್ಲರೆದುರು ಜಿಪ್ಪನ್ನು ಸರ್ರನೆ ಎಳೆದು, ಬಟ್ಟು ಎತ್ತಿ ತಕ್ಕಡಿಯ ಮೇಲಿಟ್ಟರು. ಆ ಅವಸರದಲ್ಲಿ ಬರಿಗೈಯಲ್ಲೇ ಇಟ್ಟರು.

ಟೀಚರಮ್ಮ ಸೂಟ್‌ಕೇಸಿನೊಳಗೆ ನೋಡಿದರು. ಒಂದು ಸಲ ನೋಡಿದರು. ಇನ್ನೊಂದು ಸಲ ಬಟ್ಟೆ ಸರಿಸಿ ನೋಡಿದರು.

"ಶಾಲು ಎಲ್ಲಿ?"

"ಆರುನೂರು!" ರಾಯರು ಕೂಗಿದರು. "ಒಂದು ಕಿಲೋ ಬಟ್ಟಿಗೆ ಆರುನೂರು! ನಾನು ಹೇಳ್ಲಿಲ್ವಾ? ನೋಡಿದ್ಯಾ?"

"ನೋಡಿದೆ," ಎಂದರು ಟೀಚರಮ್ಮ.

ಆ ಒಂದು ಮಾತಿಗೆ ರಾಯರು ತಿರುಗಿ ನೋಡಿದರು. ಹೋದ ಬುದ್ಧಿ ಆಗಲಾದರೂ ಬಂದಿದ್ದರೆ! ಮೇಲಧಿಕಾರಿ ಓಡಿ ಬಂದ, ಕೈ ಮುಗಿದ, ಆ ಕೌಂಟರು ಮುಚ್ಚಿಸಿದ, ಎಲ್ಲರನ್ನೂ ಪಕ್ಕದ ಸಾಲಿಗೆ ಕಳಿಸಿದ. ಅಲ್ಲಿ ಔಷಧಿ ಅಂಗಡಿಯವರು ಎರಡು ಪುಸ್ತಕ, ಒಂದು ಬೂಟು ಹೊರಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ರಾಯರ ವಂಶವನ್ನೆಲ್ಲ ನೆನೆದರು. ಬಟ್ಟು ತೆಗೆದ ಸೂಟ್‌ಕೇಸು ಸಲೀಸಾಗಿ ಒಳಗೆ ಹೋಯಿತು. "ನಾವು ನೋಡ್ಕೋತೀವಿ ಸಾರ್, ನೀವು ಹೊರಡಿ," ಎಂದು ಅಧಿಕಾರಿಯೇ ಅಂದ. ರಾಯರು ಹೊರಡಲಿಲ್ಲ.

"ಬರವಣಿಗೆಯಲ್ಲಿ ಕೊಡಿ. ತಕ್ಕಡಿ ರಿಪೇರಿಗೆ ಕಳಿಸ್ತೀವಿ ಅಂತ. ನಾನು ಹೋದ ಮೇಲೆ ಮತ್ತೆ ಇದೇ ತಕ್ಕಡಿ ಇಡಲ್ಲ ಅಂತ ಏನು ಗ್ಯಾರಂಟಿ?"

"ಬರ್ತೀರಾ, ಇಲ್ವಾ?" ಎಂದು ಟೀಚರಮ್ಮ ಕೇಳಿದರು.

"ನೀನು ನಡೀತಾ ಇರು. ಐದೇ ನಿಮಿಷ."

ಆ 'ಐದೇ ನಿಮಿಷ'ವನ್ನು ಟೀಚರಮ್ಮ ಮದುವೆಯಾದಾಗಿನಿಂದ ಬಲ್ಲರು. ಅದಕ್ಕೆ ಕಾದು ಕಾದೇ ಅವರಿಗೆ ಕೂದಲು ನೆರೆತದ್ದು. ಅವರು ತಮ್ಮ ಕೈಚೀಲವನ್ನು ಹೆಗಲಿಗೇರಿಸಿ, ಹಿಂದೆ ತಿರುಗದೆ ಹೊರಟರು. ಐವತ್ತು ನಿಮಿಷದ ಮೇಲೆ ರಾಯರಿಗೆ ಮೊಹರು ಒತ್ತಿದ ಒಂದು ಕಾಗದ ಸಿಕ್ಕಿತು. 'ತಮ್ಮಂಥ ಪ್ರಜ್ಞಾವಂತ ನಾಗರಿಕರಿಗೆ ಧನ್ಯವಾದಗಳು' ಎಂದು ಅದರಲ್ಲಿತ್ತು. ವಿಮಾನ ಅಷ್ಟರಲ್ಲಿ ಸಮುದ್ರದ ಮೇಲಿತ್ತು. ಮನೆಗೆ ಬಂದ ರಾಯರು ಆ ಕಾಗದವನ್ನು ತೂಗಿದರು. ಐದು ಗ್ರಾಂ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಉಟ್ಟ ಬಟ್ಟೆ ಬಿಟ್ಟರೆ ರಾಯರ ಒಳ್ಳೆಯ ಅಂಗಿ, ಪ್ಯಾಂಟು, ಹಲ್ಲುಜ್ಜುವ ಬ್ರಷ್ಷು ಎಲ್ಲವೂ ಪರದೇಶ ಪ್ರಯಾಣದಲ್ಲಿದ್ದವು. ಟವೆಲ್ಲು ಹುಡುಕಲು ಬೀರು ತೆಗೆದರೆ ಹಳೇ ದಿಂಬುಗಳ ಹಿಂದಿನಿಂದ ಶಾಲು ಕಾಲ ಮೇಲೆ ಬಿತ್ತು. ಎರಡನೇ ದಿನ, ತೊಂಬತ್ತನೇ ಮಹಡಿಯ ದಿನ, ರಾಯರು ಹೆಂಡತಿಗೆ ಫೋನ್ ಮಾಡಿದರು.

"ಊಟ ಆಯ್ತಾ?"

"ಆಯ್ತು."

"ಸಮುದ್ರ ಕಾಣ್ತಾ?"

"ಕಾಣ್ತು. ಎರಡೂ."

"ಚಳಿ ಇದೆಯಾ?"

ಆ ಕಡೆ ಗಾಳಿ ಭೋರೆಂದು ಬೀಸುತ್ತಿತ್ತು. "ಇದೆ," ಎಂದರು ಟೀಚರಮ್ಮ.

ಫೋನಿಟ್ಟ ರಾಯರು ಸುಮ್ಮನೆ ಶಾಲು ಹೊದ್ದು ಕನ್ನಡಿಯ ಮುಂದೆ ನಿಂತರು. ಮೈ ಪೂರಾ ಸುತ್ತಿದ ಮೇಲೂ ಎಡಗಡೆ ಇನ್ನೂ ಅಷ್ಟೇ ಉಳಿದು ನೆಲದ ಮೇಲೆ ಬಿದ್ದಿತ್ತು. 'ಒಬ್ಬರಿಗೆ ಇಷ್ಟಗಲ ಯಾಕೆ?' ಎಂದು ಕೇಳಿದ್ದರಲ್ಲ, ಉತ್ತರ ನೆಲದ ಮೇಲಿತ್ತು. ಅದು ಒಬ್ಬರ ಶಾಲಾಗಿರಲೇ ಇಲ್ಲ. ಎಂಟು ತಿಂಗಳು ಎದುರಿಗೇ ಕೂತು ಹೆಣೆದಿದ್ದರು, ಮೂವತ್ತು ವರ್ಷ ತೂಗಿದ ಕಣ್ಣಿಗೆ ಅಳತೆ ತಿಳಿಯಲಿಲ್ಲ. ರಾಯರು ಮಂಚದ ಮೇಲೆ ಕೂತು ಮಗುವಿನ ಹಾಗೆ ಅತ್ತರು. ನೋಡುವವರು ಯಾರೂ ಇಲ್ಲದ್ದರಿಂದ ಮೂಗನ್ನೂ ಜೋರಾಗಿಯೇ ಸೀಟಿಕೊಂಡರು.

ಐದನೆಯ ಬೆಳಿಗ್ಗೆ ಟೀಚರಮ್ಮ ಬಂದರು. ಜಗಳವಾಡಲಿಲ್ಲ. ಅದರಿಂದಲೇ ರಾಯರಿಗೆ ಹೆಚ್ಚು ಭಯವಾಯಿತು. ಸೂಟ್‌ಕೇಸು ತೆರೆದು ರಾಯರ ಅಂಗಿ, ಪ್ಯಾಂಟುಗಳನ್ನು ಮಡಿಕೆ ಮುರಿಯದಂತೆ ಹೊರಗಿಟ್ಟರು. "ಇವು ಎಲ್ಲ ನೋಡ್ಕೊಂಡು ಬಂದ್ವು," ಎಂದರು. ಆಮೇಲೆ ಫೋಟೋ ತೋರಿಸಿದರು. ತೊಂಬತ್ತನೇ ಮಹಡಿ, ಹಿಂದೆ ಎರಡು ಬಣ್ಣದ ಸಮುದ್ರ. ಔಷಧಿ ಅಂಗಡಿಯವರ ದೊಗಲೆ ಕೋಟು ಹಾಕಿಕೊಂಡು ಟೀಚರಮ್ಮ ನಗುತ್ತಿದ್ದರು. ಆದರೆ ನಿಂತದ್ದು ನಡುವೆ ಅಲ್ಲ, ಒಂದು ಪಕ್ಕಕ್ಕೆ. ಇನ್ನೊಬ್ಬರಿಗೆ ಆಗುವಷ್ಟು ಜಾಗ ಖಾಲಿ.

"ನಡುವೆ ನಿಲ್ಲಬಹುದಿತ್ತಲ್ಲ," ಎಂದರು ರಾಯರು.

"ಅಭ್ಯಾಸ," ಎಂದು ಟೀಚರಮ್ಮ ಒಂದು ಪೊಟ್ಟಣ ಮುಂದಿಟ್ಟರು. "ತಗೊಳ್ಳಿ, ನಿಮಗೆ."

ಪೊಟ್ಟಣದಲ್ಲಿ ಕೊಕ್ಕೆಯಿದ್ದ ಒಂದು ಪುಟ್ಟ ತಕ್ಕಡಿ. ಅಂಗೈಯಷ್ಟೇ ದೊಡ್ಡದು, ಮುದ್ದಾಗಿತ್ತು. ರಾಯರ ಕೈ ತನ್ನ ಪಾಡಿಗೆ ತಾನು ಬಟ್ಟನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಕೊಕ್ಕೆಗೆ ತೂಗುಹಾಕಿತು. ಸಂಖ್ಯೆ ಮೂಡಿತು: ಒಂಬೈನೂರು.

"ಸರಿ ಇದೆಯಾ?" ಟೀಚರಮ್ಮ ಕೇಳಿದರು.

ರಾಯರು ಸಂಖ್ಯೆ ನೋಡಿದರು. ಫೋಟೋದಲ್ಲಿ ಖಾಲಿ ಬಿಟ್ಟ ಜಾಗ ನೋಡಿದರು. ಹೆಂಡತಿಯ ಮುಖ ನೋಡಿದರು. ಕಸುಬಿಗೆ ಕೂತ ಮೇಲೆ ಮೊಟ್ಟಮೊದಲ ಸಲ ಅವರ ನಾಲಿಗೆ ಹೊರಳಿತು.

"ಸರಿಯಾಗಿದೆ ಕಣೇ. ಒಂದು ಗ್ರಾಮೂ ಆಚೆ ಈಚೆ ಇಲ್ಲ."

"ಸುಳ್ಳು," ಎಂದರು ಟೀಚರಮ್ಮ ಶಾಂತವಾಗಿ. "ನೂರು ಗ್ರಾಂ ಕಮ್ಮಿ ತೋರಿಸುತ್ತೆ. ಅಂಗಡಿಯವಳೇ ಹೇಳಿದ್ಲು, ಇದು ಕೆಟ್ಟಿದೆ, ಬೇರೆ ತಗೊಳ್ಳಿ ಅಂತ. ನಾನೇ ಇದೇ ಬೇಕು ಅಂದೆ. ಈ ಒಂದು ಮಾತು ನಿಮ್ಮ ಬಾಯಲ್ಲಿ ಬರುತ್ತೋ ಇಲ್ವೋ ನೋಡೋಣ ಅಂತ." ಅವರ ಕಣ್ಣು ಒದ್ದೆಯಾಗಿತ್ತು, ತುಟಿ ನಗುತ್ತಿತ್ತು. "ಬಂತು. ನಾಲ್ಕು ದಿನ ತಡವಾಗಿ."

ರಾಯರು ತಲೆ ತಗ್ಗಿಸಿದರು. ಎದ್ದು ಹೋಗಿ ನೀಲಿ ಶಾಲನ್ನು ತಂದು, ಬಟ್ಟನ್ನು ಹಿಡಿಯುವಷ್ಟೇ ಜೋಪಾನವಾಗಿ ಹೆಂಡತಿಯ ಮಡಿಲಿಗಿಟ್ಟರು.

"ತಪ್ಪಾಯ್ತು. ಮುಂದಿನ ವರ್ಷ ಮತ್ತೆ ಹೋಗೋಣ್ವಾ?"

"ಟೂರಿನವನ ಹತ್ರ ಆಗಲೇ ಎರಡು ಸೀಟು ಹೇಳಿ ಬಂದಿದ್ದೀನಿ."

ರಾಯರ ಮುಖ ಅರಳಿತು. "ನಿನಗೂ ನನಗೂ?"

"ನನಗೂ ಔಷಧಿ ಅಂಗಡಿಯವರ ಹೆಂಡತಿಗೂ," ಎಂದರು ಟೀಚರಮ್ಮ, ಶಾಲಿನ ಅಗಲವನ್ನು ಎರಡು ಕೈಯಲ್ಲಿ ಅಳೆಯುತ್ತಾ. "ಇದು ಇಬ್ಬರಿಗೆ ಧಾರಾಳವಾಗಿ ಆಗುತ್ತೆ."