ಅಳಿಸಿ ಹೋದ ಹಮೀದುನ್ನಿಸಾ

ಹೆಂಡತಿಯ ಫೋನನ್ನು ಉದ್ಧಾರ ಮಾಡಿಯೇ ತೀರುತ್ತೇನೆಂದು ನಾನು ಪಣ ತೊಟ್ಟದ್ದು ಒಂದು ಬುಧವಾರ ಬೆಳಿಗ್ಗೆ. ಎರಡು ವರ್ಷ ಮಳೆ ಕೈಕೊಟ್ಟು, ನಮ್ಮ ಔರಾದದ ಅರ್ಧ ಓಣಿ ಹೈದರಾಬಾದ್, ಪುಣೆಗಳ ದಾರಿ ಹಿಡಿದಿದ್ದ ಕಾಲ ಅದು. ಬೇಸಿಗೆಯ ಸೂಟಿ ಬೇರೆ. ಗಣಿತದ ಮಾಸ್ತರನಾದ ನನಗೆ ಕೂಡಿಸಲು ಏನೂ ಇರಲಿಲ್ಲ, ಕಳೆಯಲು ಕಾಲವೊಂದಿತ್ತು.

ಶಾಲುಬಾಯಿಯ ಫೋನು ಮೂರು ದಿನದಿಂದ ಜಾಗವಿಲ್ಲ, ಜಾಗವಿಲ್ಲ ಎಂದು ಗೋಳಿಡುತ್ತಿತ್ತು.

“ಅಂಗಡಿಗೆ ಯಾಕ ಕೊಡ್ತಿ? ಮನ್ಯಾಗ ನಾ ಇದ್ದೇನಲ್ಲ,” ಎಂದೆ.

“ನೀವು ಇದ್ದೀರಿ ಅಂತನ ಅಂಗಡಿಗೆ ಕೊಡೂಣು ಅಂದೆ ರಿ,” ಎಂದಳು.

ಅಷ್ಟರಲ್ಲಿ ಓಣಿಯಲ್ಲಿ ಗದ್ದಲವೆದ್ದಿತು. ನಲವತ್ತು ದಿನಗಳ ಮೇಲೆ ನಳಕ್ಕೆ ನೀರು ಬಂದಿತ್ತು. ಶಾಲು ಎರಡು ಕೊಡ ಎತ್ತಿಕೊಂಡು ಓಡಿದಳು. ಫೋನು ನನ್ನ ಪಾಲಿಗೆ ಬಂತು.

ಮೆಸೇಜುಗಳ ಪೆಟ್ಟಿಗೆ ತೆರೆದು ನೋಡಿದೆ. ಹಾಡು ಹಾಕಿಸಿಕೊಳ್ಳಿ, ಕಾರು ಗೆದ್ದಿದ್ದೀರಿ, ಇಂಥ ಕಸವೇ ಕಸ. ಒಂದೊಂದಾಗಿ ಆರಿಸಿ ತೆಗೆಯುವುದು ಸಾಮಾನ್ಯರ ಕೆಲಸ. ನಾನು ಎಲ್ಲವನ್ನೂ ಒಟ್ಟಿಗೇ ಹಿಡಿದೆ. ‘ಖಾತ್ರಿಯೇ?’ ಎಂದು ಫೋನು ಕೇಳಿತು. ನನ್ನಂಥವನನ್ನು ಕೇಳುವುದೇ ಎಂದು ಒತ್ತಿಬಿಟ್ಟೆ. ಕೈ ಹೇಗೂ ಕಸಬರಿಗೆಯ ಮೇಲಿದೆಯೆಂದು ಕರೆಗಳ ಪಟ್ಟಿಯನ್ನೂ ಗುಡಿಸಿ ಹಾಕಿದೆ. ಫೋನು ಕನ್ನಡಿಯಂತಾಯಿತು.

ಶಾಲು ಮರಳಿದಾಗ ಸೀರೆ ಅರ್ಧ ತೊಯ್ದಿತ್ತು, ಮುಖ ಅರಳಿತ್ತು. “ಫೋನ್ ಕೊಡ್ರಿ. ನಳ ಶುರು ಆಗ್ಯಾದ ಅಂತ ಹಮೀದುನ್ನಿಸಾಗ ತಿಳಸ್ತೇನಿ.”

ಹಮೀದುನ್ನಿಸಾ ನಮ್ಮ ಪಕ್ಕದ ಮನೆಯವಳು. ಬರಕ್ಕೆ ಮದುವೆಗಳೇ ನಿಂತುಹೋದ ಮೇಲೆ ಅವಳ ಗಂಡ ಸುಭಾನನ ಹೊಲಿಗೆ ಯಂತ್ರವೂ ನಿಂತಿತು. ಇಬ್ಬರೂ ಹೈದರಾಬಾದಿಗೆ ಹೋದರು. ಹನ್ನೊಂದು ವರ್ಷ ಒಂದೇ ಗೋಡೆಯ ಆಚೆ ಈಚೆ ನಿಂತು ಮಾತಾಡಿದ ಇಬ್ಬರು ಹೆಂಗಸರು ಈಗ ಮೆಸೇಜಿನಲ್ಲಿ ಮಾತಾಡುತ್ತಿದ್ದರು. ಮೊನ್ನೆ ಹೊಸ ನಂಬರಿನಿಂದ ಅವಳು ಬರೆದಿದ್ದಳಂತೆ: ಇಲ್ಲಿ ಕೆಲಸ ಮುಗಿಯಿತು, ಶುಕ್ರವಾರ ಪುಣೆಗೆ ಹೊರಡಬೇಕು. ಊರಲ್ಲಿ ನಳಕ್ಕೆ ನೀರು ಬಂದರೆ ತಿಳಿಸು, ಪುಣೆ ಬಿಟ್ಟು ಮನೆಗೇ ಬರುತ್ತೇವೆ.

“ಆ ನಂಬರ್ ಎಲ್ಲಿ ಬರದಿಟ್ಟಿ?” ಎಂದು ಕೇಳಿದೆ.

“ಮೆಸೇಜಿನ್ಯಾಗ ಅದ ಅಲ್ರಿ.”

ಅವಳು ಫೋನು ನೋಡಿದಳು. ನನ್ನನ್ನು ನೋಡಿದಳು. ಬೈದಿದ್ದರೆ ಹಗುರಾಗುತ್ತಿದ್ದೆ. ಹೋಗಿ ಕೊಡದ ಪಕ್ಕ ಕುಳಿತುಬಿಟ್ಟಳು.

“ಅಳಸಿದ್ದು ವಾಪಸ್ ತರೋ ಆ್ಯಪ್ ಇರ್ತಾವ. ಈಗ ಹಾಕ್ತೇನಿ, ತಡಿ,” ಎಂದೆ.

ಶಾಲು ಫೋನು ಕಸಿದುಕೊಂಡು ಬಂದ್ ಮಾಡಿದಳು. “ಇನ್ನ ನೀವು ಮುಟ್ಟಬ್ಯಾಡ್ರಿ. ಬೀದರಕ್ಕ ನಡೀರಿ.”

ಬಸ್ಸಿನಲ್ಲಿ ಅವಳು ಫೋನನ್ನು ಸೆರಗಿಗೆ ಕಟ್ಟಿಕೊಂಡು ಕುಳಿತಳು. ಬಿಸಿಗಾಳಿಗೆ ನನ್ನ ಕಣ್ಣೆಳೆಯಿತು. ಮಾಂಜ್ರಾ ಹೊಳೆಯ ಸೇತುವೆಯ ಕೆಳಗೆ ನೀರಿಲ್ಲದ ಮರಳು ಬೆಳ್ಳಗೆ ಹರಿಯುತ್ತಿರುವಂತೆ ಕಂಡಿತು. ಆ ಮರಳಿನ ಮೇಲೆ ಅಳಿಸಿದ ಮೆಸೇಜುಗಳೆಲ್ಲ ಕೊಕ್ಕರೆಗಳಂತೆ ಒಂದೊಂದಾಗಿ ಬಂದು ಇಳಿದವು. ಹತ್ತಿರ ಹೋಗಿ ಓದಿದರೆ ಎಲ್ಲದರಲ್ಲೂ ನನ್ನ ಗುಣಗಾನ. ‘ನಮ್ಮ ಮಾಸ್ತರರಂಥವರು ಜಿಲ್ಲಾದಾಗೇ ಇಲ್ಲ’ ಎಂದು ಒಂದು ಕೊಕ್ಕರೆ ಹೇಳಿತು. ಬಸ್ಸು ಗುಂಡಿಗೆ ಇಳಿದು ನನ್ನ ತಲೆ ಕಿಟಕಿಗೆ ಬಡಿಯುವವರೆಗೂ ನಾನು ಬಲು ಸುಖವಾಗಿದ್ದೆ.

ಬೀದರದಲ್ಲಿ ಫೋನ್ ರಿಪೇರಿಯ ಶರಫೋದ್ದೀನ ಕನ್ನಡಕದ ಮೇಲಿಂದ ನೋಡಿದ. “ಅಳಸಿದ ಮ್ಯಾಲ ಇದರಾಗ ಏನಾರ ಹೊಸಾದು ಹಾಕೀರೇನ್ರಿ?”

“ಹಾಕೋರಿದ್ದರು. ನಾ ಬಂದ್ ಮಾಡಿದೆ,” ಎಂದಳು ಶಾಲು.

“ಛಲೋ ಮಾಡಿದ್ರಿ ಅಕ್ಕಾ. ಅಳಸಿದ್ದು ಲಗೂನ ಹೋಗಂಗಿಲ್ಲ. ಅದರ ಮ್ಯಾಲ ಹೊಸಾದು ಬಂದು ಕುಂತರ ಮಾತ್ರ ಖತಂ.”

ಫೋನನ್ನು ಕಂಪ್ಯೂಟರಿಗೆ ಜೋಡಿಸಿದ. ಎರಡು ತಾಸು ಕಾದೆವು. ಅಂಗಡಿಯ ಬೆಂಚಿನ ಮೇಲೆ ಇನ್ನೂ ನಾಲ್ಕು ಜನ ಇದ್ದರು. ಕೊನೆಗೆ ಅವನು ಪರದೆ ನೋಡುತ್ತ ಗಟ್ಟಿಯಾಗಿ ಓದಿದ. “ಕೆಲವು ಬಂದಾವ. ನಿಮ್ಮವೇ ಏನು ನೋಡ್ರಿ. ‘ಮಾಸ್ತರು ಇವತ್ತ ಮಿಕ್ಸರ್ ರಿಪೇರಿ ಮಾಡ್ಯಾರ. ನಾಳೆಯಿಂದ ಕಲ್ಲಿನ್ಯಾಗ ಚಟ್ನಿ.’”

“ನಮ್ಮದೇ ರಿ,” ಎಂದಳು ಶಾಲು, ನೆಲ ನೋಡುತ್ತ.

“‘ಮಾಸ್ತರು ಗಡಿಯಾರಕ್ಕ ಕೈ ಹಚ್ಚ್ಯಾರ. ಈಗ ನಮ್ಮ ಮನ್ಯಾಗ ಯಾವಾಗ ನೋಡಿದ್ರೂ ನಾಲ್ಕೂವರಿ.’”

ಬೆಂಚಿನವರು ನನ್ನತ್ತ ತಿರುಗಿದರು. ಒಬ್ಬ ಮುದುಕ ತನ್ನ ಕೈಗಡಿಯಾರವನ್ನು ಮೆಲ್ಲಗೆ ಜೇಬಿಗಿಳಿಸಿದ.

“ಇದೂ ನಮ್ಮದೇ. ಮುಂದ ನೋಡ್ರಿ, ಪುಣಾ ಅಂತ ಇರೋದು,” ಎಂದು ಶಾಲು ಅವಸರಿಸಿದಳು.

ಅದೂ ಸಿಕ್ಕಿತು, ನಂಬರಿನ ಸಮೇತ. ಅಂಗಡಿಯಲ್ಲೇ ನಿಂತು ಅವಳು ಬರೆದಳು: ನಳ ಶುರು ಆಗ್ಯಾದ, ನಿನಗಂತ ಎರಡು ಕೊಡ ತುಂಬಿಸಿಟ್ಟೀನಿ, ಬಾ. ನಾವು ಮೆಟ್ಟಿಲಿಳಿಯುವಷ್ಟರಲ್ಲಿ ಉತ್ತರ ಬಂತು. ಶನಿವಾರ ಬರುತ್ತಾರಂತೆ. ಶಾಲು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಂಜಾನೆಯಿಂದ ಮೊದಲ ಸಲ ನನ್ನನ್ನು ನೋಡಿ ನಕ್ಕಳು.

ಆ ನಗೆಯೇ ನನಗೆ ಧೈರ್ಯ ಕೊಟ್ಟಿತು. ಬಸ್ಸು ಹೊರಟ ಮೇಲೆ, “ಕೊಡು, ಆ ನಂಬರ್ ಪಕ್ಕಾ ಸೇವ್ ಮಾಡ್ತೇನಿ,” ಎಂದೆ.

ಅವಳು ಫೋನು ಕೊಡಲಿಲ್ಲ. ಕಂಡಕ್ಟರನ ಪೆನ್ನು ಇಸಿದುಕೊಂಡು ನನ್ನ ಬಲಗೈ ಹಿಡಿದು ಅಂಗೈಯಲ್ಲಿ ಹತ್ತು ಅಂಕಿ ಬರೆದಳು. “ಮನಿ ಮುಟ್ಟೂತನಕ ಮುಷ್ಟಿ ಬಿಚ್ಚಬ್ಯಾಡ್ರಿ,” ಎಂದಳು.

ಇಷ್ಟಾದರೂ ನನ್ನನ್ನು ನಂಬಿದಳಲ್ಲ ಎಂದು ಎದೆ ತುಂಬಿತು. ಸಂಜೆಯ ಬಿಸಿಲಿನಲ್ಲಿ ಕಪ್ಪು ಹೊಲಗಳು ತೇಲಿ ಹೋಗುತ್ತಿದ್ದವು. ನಾನು ಮುಷ್ಟಿಯನ್ನು ಎದೆಗವಚಿಕೊಂಡು, ಒಂದು ಸಂಸಾರವನ್ನೇ ಊರಿಗೆ ಹೊತ್ತು ತರುತ್ತಿರುವವನಂತೆ ಕುಳಿತೆ. ಮೂಗು ತುರಿಸಿತು, ತಡೆದೆ. ಶೇಂಗಾ ಮಾರುವವನು ಬಂದ, ಕೈ ಚಾಚಲಿಲ್ಲ.

ಮನೆಗೆ ಬಂದು ಬಿಚ್ಚಿ ನೋಡಿದರೆ ಬೆವರಿಗೆ ಕರಗಿದ ನೀಲಿ ಕಲೆ. ಒಂದು ಅಂಕಿಯೂ ಉಳಿದಿರಲಿಲ್ಲ.

“ಶಾಲೂ,” ಎಂದೆ, “ಮತ್ತ ಅಳಸೀನಿ.”

“ಇರಲಿ ಬಿಡ್ರಿ. ಅಂಗಡ್ಯಾಗೇ ನಾ ಸೇವ್ ಮಾಡೀನಿ.”

“ಹಂಗಾರ ನನ್ನ ಕೈಮ್ಯಾಲ ಯಾಕ ಬರದಿ?”

“ಮುಷ್ಟಿ ಮುಚ್ಚಿದ್ರ,” ಎಂದಳು ಅವಳು, ಒಲೆ ಹಚ್ಚುತ್ತ, “ಫೋನ್ ಮುಟ್ಟಾಕ ಬರೂದಿಲ್ಲಲ್ರಿ.”