ಕರಿ ಕೊಕ್ಕರೆಗೆ ಬಂದ ನೆಂಟರು

ಟ್ಯಾಕ್ಸಿ ಓಡಿಸುವವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ, ಹಿಂದಿನ ಸೀಟಿನವರೇ ಸಾಕು. ನಾನು ಅರಸೀಕೆರೆ ರೈಲ್ವೆ ಸ್ಟೇಷನ್ ಮುಂದೆ ಹದಿನೈದು ವರ್ಷದಿಂದ ಕಾರು ನಿಲ್ಲಿಸುತ್ತಿದ್ದೇನೆ. ರಾತ್ರಿಯೆಲ್ಲ ರೈಲಲ್ಲಿ ಬಂದವರು ಬೆಳಗಿನ ಜಾವ ಇಳಿಯುತ್ತಾರೆ. ಬೇಲೂರು, ಹಳೇಬೀಡು ತೋರಿಸಿ ಸಂಜೆ ರೈಲು ಹತ್ತಿಸುವುದು ನನ್ನ ಕೆಲಸ. ಹೋದ ಚಳಿಗಾಲ ಮಾತ್ರ ಇಳಿದವರೆಲ್ಲ ಒಂದು ಹಕ್ಕಿಯನ್ನು ಕೇಳಿದರು. ಎಲ್ಲೋ ಹಿಮ ಬೀಳುವ ದೇಶದ ಕರಿ ಕೊಕ್ಕರೆ ಹಳೇಬೀಡಿನ ಕೆರೆಗೆ ಬಂದಿತ್ತು. ಮೈ ಕಪ್ಪು, ಹೊಟ್ಟೆ ಬಿಳಿ, ಕೊಕ್ಕು, ಕಾಲು ಒಣಮೆಣಸಿನಕಾಯಿ ಕೆಂಪು. ನಮ್ಮ ಕಡೆ ಅದು ಕಾಣುವುದೇ ಅಪರೂಪವಂತೆ.

೧. ಅಳತೆಯವರು

ಮೊದಲು ಬಂದವರು ಎಲೆ ಬಣ್ಣದ ಬಟ್ಟೆ ಹಾಕಿದ ಮೂವರು.

"ಮೊದಲು ಬೇಲೂರಾ, ಹಳೇಬೀಡಾ ಸಾರ್?"

"ಹಳೇಬೀಡು ಕೆರೆ ಏರಿ."

"ದೇವಸ್ಥಾನ?"

"ಅದು ನೂರಾರು ವರ್ಷದಿಂದ ಅಲ್ಲೇ ಇದೆಯಲ್ಲ. ಹಕ್ಕಿ ನಾಳೆ ಇರುತ್ತೋ ಇಲ್ಲವೋ."

ಏರಿಯ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ನೆಟ್ಟು, ಅದರ ಮೇಲೆ ದಪ್ಪ ದೂರದರ್ಶಕ ಕೂರಿಸಿದ್ದೇ ತಡ, ಪಕ್ಕದ ತೋಟದ ಯಜಮಾನರು ಪಂಚೆ ಎತ್ತಿ ಹಿಡಿದುಕೊಂಡು ಓಡಿ ಬಂದರು.

"ಬೈಪಾಸ್ ರೋಡ್ ಅಳೀತಿದ್ದೀರಾ? ನಮ್ಮ ತೆಂಗಿನ ತೋಟದ ಮೇಲೆ ಬತ್ತದಾ?"

"ಇಲ್ಲ ಯಜಮಾನ್ರೇ, ಹಕ್ಕಿ ನೋಡ್ತಿದ್ದೀವಿ."

"ಹೋದ ಸಲ ಬಂದೋರೂ ಹಿಂಗೇ ಏನೋ ಹೇಳಿದ್ರು."

ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಅವರ ಕಣ್ಣನ್ನೇ ದೂರದರ್ಶಕಕ್ಕೆ ಇಡಿಸಿದರು. ಯಜಮಾನರು ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಬಹಳ ಹೊತ್ತು ನೋಡಿದರು. ಆಮೇಲೆ ಸೊಂಟ ನೆಟ್ಟಗೆ ಮಾಡಿ ಹೇಳಿದರು: "ಕೊಕ್ಕರೆ ನಿಂತಿರೋದು ಸರ್ಕಾರಿ ಕೆರೇಲಿ. ನನ್ನ ಸರ್ವೆ ನಂಬರಲ್ಲಿ ಅಲ್ಲ. ಹಂಗಂತ ಬರ್ಕೊಳಿ."

೨. ರೇಷ್ಮೆ ಸೀರೆ

ಇನ್ನೊಂದು ಬೆಳಿಗ್ಗೆ ಮುಂಬೈ ರೈಲಿಂದ ಹೊಸದಾಗಿ ಮದುವೆಯಾದ ಕನ್ನಡದ ಜೋಡಿ ಇಳಿಯಿತು. ಹುಡುಗಿ ರೇಷ್ಮೆ ಸೀರೆ ಉಟ್ಟು ದೇವಸ್ಥಾನಕ್ಕೆ ಅಂತ ತಯಾರಾಗಿ ಬಂದಿದ್ದಳು. ಗಂಡ ಅವಳಿಗೆ 'ಹಳೇಬೀಡು' ಎಂದಷ್ಟೇ ಹೇಳಿದ್ದನಂತೆ.

ಕೆರೆ ಹತ್ತಿರ ಬಂದಾಗ, "ಐದೇ ನಿಮಿಷ. ಇಳಿಯಬೇಡ, ಸದ್ದು ಮಾಡಬೇಡ," ಎಂದು ಕ್ಯಾಮೆರಾ ಹಿಡಿದು ಹೋದ. ಆಚೆ ದಡದ ಕೆಸರಿನಲ್ಲಿ ಹೊಟ್ಟೆ ಮೇಲೆ ತೆವಳತೊಡಗಿದ. ಒಂದು ಗಂಟೆ ಆಯಿತು. ಇವಳು ಕಿತ್ತಳೆ ಸುಲಿದು ನನಗೂ ಕೊಡುತ್ತಾ, "ನಿಶ್ಚಿತಾರ್ಥದ ದಿನ ನನ್ನನ್ನೂ ಇಷ್ಟು ಹೊತ್ತು ನೋಡಿರಲಿಲ್ಲ ಅಣ್ಣಾ," ಅಂದಳು.

ಅಷ್ಟರಲ್ಲಿ ಕರಿ ಕೊಕ್ಕರೆ ಗಾಳಿಯಲ್ಲಿ ತೇಲಿಕೊಂಡು ಬಂದು ನಮ್ಮ ಕಾರಿನಿಂದ ಹತ್ತು ಹೆಜ್ಜೆ ದೂರದಲ್ಲಿ ಇಳಿಯಿತು. ಮೀನು ಹಿಡಿಯಿತು, ನುಂಗಿತು, ರೆಕ್ಕೆ ಕೊಡವಿತು. ಹುಡುಗಿ ಕಿಟಕಿಯಿಂದ ಮೊಬೈಲ್ ಚಾಚಿ ಎಲ್ಲವನ್ನೂ ವಿಡಿಯೋ ಮಾಡಿಕೊಂಡಳು. ಹಕ್ಕಿ ಹಾರಿಹೋಯಿತು.

ಗಂಡ ಮೈಯೆಲ್ಲ ಕೆಸರಾಗಿ ಬಂದ. "ಸಿಗಲಿಲ್ಲ ಕಣೇ."

ಅವಳು ಮೊಬೈಲನ್ನು ಮುಖಕ್ಕೆ ಹಿಡಿದಳು. ಅವನು ಹಾಗೇ ನೆಲದ ಮೇಲೆ ಕುಸಿದು ಕೂತ. "ಯಾಕೆ ಕೂಗಲಿಲ್ಲ?"

"ನೀವೇ ಹೇಳಿದ್ರಲ್ಲ, ಸದ್ದು ಮಾಡಬೇಡ ಅಂತ!"

೩. ನನ್ನದೇ ತಪ್ಪು

ಇದು ನನ್ನ ಕಥೆ. ಐವರು ಫೋಟೋದವರು ಒಂದು ಗಂಟೆ ಉಸಿರಾಡದೆ ಕೂತು, ಹಕ್ಕಿ ಹತ್ತಿರ ಬರುವುದನ್ನು ಕಾಯುತ್ತಿದ್ದರು. ಬಿಸಿಲು ಏರಿತು, ನೆರಳಿಗೆ ಹಾಕೋಣ ಎಂದು ಕಾರು ಹಿಂದಕ್ಕೆ ತೆಗೆದೆ. ನನ್ನ ಗಾಡಿಯ ರಿವರ್ಸ್ ಹಾರ್ನ್‌ನಲ್ಲಿ ನಾದಸ್ವರ ಬರುತ್ತದೆ, ಅದೂ ಗಟ್ಟಿಮೇಳ! ಇಡೀ ಕೆರೆಯ ಹಕ್ಕಿಗಳು ಒಟ್ಟಿಗೆ ಎದ್ದವು. ಐವರೂ ತಿರುಗಿದರು. ನಾನು ಸ್ಟೇರಿಂಗ್ ಬಿಟ್ಟು ಕೈ ಮುಗಿದೆ. ಒಬ್ಬರು ನನ್ನ ಕಡೆಗೇ ಓಡಿ ಬಂದಾಗ ಹೊಡೆತ ಖಂಡಿತ ಅಂದುಕೊಂಡೆ. ಅವರು ಕಿಟಕಿಗೆ ಬಗ್ಗಿ, "ಹಾರುವ ಫೋಟೋ ಅದ್ಭುತವಾಗಿ ಬಂತು. ಅದು ಮತ್ತೆ ಇಳಿದ ಮೇಲೆ ಇನ್ನೊಂದು ಸಲ ರಿವರ್ಸ್ ತಗೋತೀರಾ?" ಅಂದರು.

೪. ಬುಟ್ಟಿ

ಕೊನೆಗೆ ಬಂದವರು ಧಾರವಾಡ ಕಡೆಯ ನಿವೃತ್ತ ಹೆಡ್‌ಮಿಸ್ಟ್ರೆಸ್. ಮಂಡಿ ನೋವು, ಕೈಯಲ್ಲಿ ಕೋಲು. ಒಂದು ಸಲ ಬಂದು ಹಕ್ಕಿ ಕಾಣದೆ ಹೋಗಿದ್ದರು, ಛಲ ಬಿಡದೆ ಮತ್ತೆ ರಾತ್ರಿಯೆಲ್ಲ ಕೂತೇ ಬಂದಿದ್ದರು. ಆದರೆ ಎರಡು ದಿನದಿಂದ ಕೆರೆಯಲ್ಲಿ ಹಕ್ಕಿಯೇ ಇರಲಿಲ್ಲ.

ಮಧ್ಯಾಹ್ನದವರೆಗೆ ಕಾದರು. "ಹಾರಿ ಹೋತೇನೋ ತಮ್ಮಾ?" ಎಂದು ಕೇಳಿದರು. ಬೇಲೂರು ತೋರಿಸಿದೆ, ಮನಸ್ಸಿಟ್ಟು ನೋಡಲಿಲ್ಲ. ಊಟವಾದರೂ ಆಗಲಿ ಎಂದು ಗೆಂಡೆಹಳ್ಳಿ ಹತ್ತಿರದ ನಮ್ಮತ್ತೆ ಮನೆಗೆ ಕರೆದುಕೊಂಡು ಹೋದೆ.

ಅತ್ತೆ ಪೊರಕೆ ಹಿಡಿದು ಹೊರಡುತ್ತಿದ್ದರು. "ಕೂತ್ಕೊಳಿ ಅಳಿಯಂದ್ರೇ, ಈಗ ಬತ್ತೀನಿ. ಯಾವುದೋ ದರಿದ್ರದ ಕರಿ ಕೊಕ್ಕರೆ ಎರಡು ದಿನದಿಂದ ಗದ್ದೆ ಹೊಂಡದ ಮೀನೆಲ್ಲ ತಿಂತಾ ಐತೆ. ಇವತ್ತು ಅದಕ್ಕೆ ಐತೆ!"

"ಅತ್ತೆ, ನಿಲ್ಲಿ!" ಎಂದು ನಾನು ಕೂಗುವಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಕೋಲು ಅಲ್ಲೇ ಎಸೆದು, ಸೆರಗು ಸಿಕ್ಕಿಸಿ, ಗದ್ದೆ ಬದುವಿನ ಮೇಲೆ ಓಡುತ್ತಿದ್ದರು. ಹೊಂಡದ ಅಂಚಿನಲ್ಲಿ ನಿಂತಿತ್ತು ಹಕ್ಕಿ, ಬಿಸಿಲಿಗೆ ಕಪ್ಪು ರೆಕ್ಕೆಯಲ್ಲಿ ಹಸಿರು ಮಿಂಚುತ್ತಿತ್ತು. ಅವರು ದೂರದಲ್ಲೇ ನಿಂತು ಎರಡೂ ಕೈ ಎದೆಗೆ ಒತ್ತಿಕೊಂಡು ಅತ್ತುಬಿಟ್ಟರು.

ಅತ್ತೆ ಗಾಬರಿಯಾಗಿ ಪೊರಕೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. "ಯಾಕೆ ಅಳ್ತಾವ್ರೆ?"

"ಆ ಹಕ್ಕಿ ಹುಡುಕಿಕೊಂಡೇ ಧಾರವಾಡದಿಂದ ರಾತ್ರಿಯೆಲ್ಲ ರೈಲಲ್ಲಿ ಬಂದವ್ರೆ ಅತ್ತೆ. ಇದು ಎರಡನೇ ಸಲ."

ಅತ್ತೆಯ ಮುಖ ಕರಗಿಹೋಯಿತು. ಒಳಗೆ ಓಡಿ, ಕೋಳಿ ಮುಚ್ಚುವ ದೊಡ್ಡ ಬುಟ್ಟಿಯನ್ನೂ ಹಗ್ಗವನ್ನೂ ತಂದು ಹೆಡ್‌ಮಿಸ್ಟ್ರೆಸ್ ಮುಂದಿಟ್ಟರು.

"ಅಳಬ್ಯಾಡಿ ಕಣಮ್ಮಾ, ನೀವು ಸಾಕಿದ್ದು ಅಂತ ನಂಗೆ ಗೊತ್ತಿರ್ಲಿಲ್ಲ. ಅಳಿಯಂದ್ರು ಹಿಡಿದುಕೊಡ್ತಾರೆ. ಭದ್ರವಾಗಿ ಕಟ್ಕೊಂಡು ಹೋಗಿ, ರೈಲಲ್ಲಿ ಪಕ್ಕದೋರ್ಗೆ ಕುಕ್ಕೀತು!"