ಪ್ರಜೆ ಕೆಲಸಕ್ಕೆ ಮಾವನ ರಾಜೀನಾಮೆ

ನಮ್ಮ ವಂಶದಲ್ಲಿ ಪರದೇಶಕ್ಕೆ ಹೋಗಿ ನೆಲೆಸಿದ ಮೊದಲ ಮಹಾಪುರುಷರೆಂದರೆ ನಮ್ಮ ಸೋದರಮಾವ. ಪರದೇಶವೆಂದ ಕೂಡಲೆ ನೀವು ಹಡಗು, ಸಮುದ್ರ, ಬಿಳಿಯ ದೊರೆಸಾನಿಯರು ಎಂದೆಲ್ಲ ಊಹಿಸಿಕೊಂಡು ಕೂತರೆ ತಪ್ಪು ನನ್ನದಲ್ಲ. ಮಾವನ ಪರದೇಶ ಅಜ್ಜಂಪುರದ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಸಿಕ್ಕಿಬಿಡುತ್ತಿತ್ತು! ಹರಿಹರದ ಹೊಳೆಯವರೆಗೆ ಮಹಾರಾಜರ ಸೀಮೆ. ಹೊಳೆ ದಾಟಿದರೆ ಇಂಗ್ರೇಜಿಯವರ ಸೀಮೆ. ಬೇಸಿಗೆಯಲ್ಲಿ ಈಚೆ ದಡದ ಎಮ್ಮೆ ಆಚೆ ದಡಕ್ಕೆ ಹೋಗಿ ಮೇಯ್ದುಕೊಂಡು ಸಂಜೆಗೆ ಮನೆಗೆ ಬರುತ್ತಿತ್ತು. ಅದು ಪರದೇಶವೆಂದು ಎಮ್ಮೆಗೆ ಗೊತ್ತಿರಲಿಲ್ಲ. ಮಾವನಿಗೆ ಗೊತ್ತಿತ್ತು!

ಮಾವನಿಗೆ ಅಜ್ಜಂಪುರದಲ್ಲಿ ಒಂದಷ್ಟು ಖುಷ್ಕಿ ಜಮೀನು, ಒಂದು ತೆಂಗಿನ ತೋಟ, ಮತ್ತು ಇವೆರಡನ್ನೂ ಮೀರಿಸಿದ ಗಂಟಲು ಇತ್ತು. ಅವರು ಜಗಲಿಯ ಮೇಲೆ ಕೂತು ಯಾರಿಗಾದರೂ ಗುಟ್ಟು ಹೇಳಿದರೆ ಊರಾಚೆಯ ಕಾವಲಿನಲ್ಲಿ ಮೇಯುತ್ತಿದ್ದ ಅಮೃತಮಹಲ್ ದನಗಳು ಕಿವಿ ನಿಮಿರಿಸುತ್ತಿದ್ದವು. ಅತ್ತೆ ಇದಕ್ಕೆ ತದ್ವಿರುದ್ಧ. ಆಕೆ ಹೊಳೆಯಾಚೆಯವರು, ರಾಣೆಬೆನ್ನೂರಿನ ಹತ್ತಿರದ ಒಂದು ಹಳ್ಳಿಯ ಹೆಣ್ಣು. ಬೇಕಾದರೆ ‘ಹೂಂ’, ಬೇಡವಾದರೆ ‘ಉಹೂಂ’. ಇನ್ನೂ ಹೆಚ್ಚಿಗೆ ಹೇಳಬೇಕಾಗಿ ಬಂದರೆ ಬಳೆಯ ಸದ್ದು. ಮಕ್ಕಳಿರಲಿಲ್ಲ. ಇಬ್ಬರ ಪಾಲಿನ ಮಾತನ್ನೂ ಮಾವನೇ ಆಡುತ್ತಿದ್ದುದರಿಂದ ಮನೆಯಲ್ಲಿ ಮಾತಿಗೇನೂ ಬರಗಾಲವಿರಲಿಲ್ಲ.

ನಾನು ಆಗಷ್ಟೇ ತರೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ್ದೆ. ಒಂದು ಭಾನುವಾರ ಅಜ್ಜಂಪುರಕ್ಕೆ ಹೋದರೆ ಸಿಂಗಟಗೆರೆಯಿಂದ ನಮ್ಮಮ್ಮನೂ ತವರಿಗೆ ಬಂದಿದ್ದಳು. ಊಟಕ್ಕೆ ಕೂತಾಗ ಮಾವ ಮುದ್ದೆ ಮುರಿಯುತ್ತ, ಸಂತೆಗೆ ಹೋಗಿ ಬರುತ್ತೇನೆ ಎನ್ನುವ ಹಾಗೆ ಹೇಳಿದರು:

“ನಾನು ಈ ಸರ್ಕಾರ ಬಿಟ್ಟೆ ಕಣಕ್ಕ. ಹೊಳೆ ಆಚೆ ಹೋಗ್ತೀನಿ.”

“ಯಾಕೋ? ಏನಾಯ್ತೋ ನಿಂಗೆ?” ಅಮ್ಮನ ಕೈ ತಟ್ಟೆಯ ಮೇಲೇ ನಿಂತಿತು.

“ಹುಣಸೆಮರ!”

ಹುಣಸೆಮರದ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಮಾವನ ಹೊಲದ ಬದುವಿನ ಮೇಲೆ ಅವರ ತಾತ ನೆಟ್ಟಿದ್ದ ಮರ. ಹೋಬಳಿಯ ಕಂದಾಯ ನೋಡಿಕೊಳ್ಳುವ ಶೇಕದಾರರು ಒಂದು ದಿನ ಬಂದು, ಬದು ಹೊಲಕ್ಕೆ ಸೇರಿದ್ದು, ಆದರೆ ಮರ ಸರ್ಕಾರಕ್ಕೆ ಸೇರಿದ್ದು ಎಂದುಬಿಟ್ಟರು. “ಹಂಗಾದ್ರೆ ಮರದ ಮೇಲೆ ಕೂತಿರೋ ಕಾಗೆ ಯಾರದ್ದು ಸ್ವಾಮಿ?” ಎಂದು ಮಾವ ಕೇಳಿದರು. ಅಲ್ಲಿಂದ ಮುಂದೆ ಅದು ಮರದ ವ್ಯಾಜ್ಯವಾಗಿ ಉಳಿಯಲಿಲ್ಲ. ಮಾನದ ವ್ಯಾಜ್ಯವಾಯಿತು.

“ಒಂದು ಹುಣಸೆಮರಕ್ಕೆ ದೇಶ ಬಿಡ್ತಾರೇನೋ ಯಾರಾದ್ರೂ? ಪರದೇಶಿ ಆಗ್ತೀಯಾ ಕಣೋ!” ಎಂದಳು ಅಮ್ಮ.

“ಆಗೋದೇ ಅದಕ್ಕೆ ಅಲ್ವೇನಕ್ಕ ಹೋಗ್ತಿರೋದು!” ಎಂದರು ಮಾವ. ಅತ್ತೆ ಇನ್ನೊಂದು ಸೌಟು ಸಾರು ಬಡಿಸಿದರು.

ಆಮೇಲಿನ ವಾರ ಮಾವ ತರೀಕೆರೆಗೆ ಬಂದು ನನ್ನ ಕಚೇರಿಯಲ್ಲೇ ಪ್ರತ್ಯಕ್ಷರಾದರು. ತಲೆಗೆ ಹೊಸ ರುಮಾಲು, ಮೈಗೆ ಕೋಟು. “ಒಂದು ಅರ್ಜಿ ಬರ್ಕೊಡು” ಎಂದರು. ಏನು ಅರ್ಜಿ? ರಾಜೀನಾಮೆಯಂತೆ! ಯಾವ ಕೆಲಸಕ್ಕೆ? ಪ್ರಜೆ ಕೆಲಸಕ್ಕೆ!

“ಮಾವ, ಪ್ರಜೆ ಅನ್ನೋದು ಕೆಲಸ ಅಲ್ಲ.”

“ಕೆಲಸ ಅಲ್ವಾ? ಕಂದಾಯ ಕಟ್ಟು, ಸರ್ಕೀಟು ಬಂದೋರಿಗೆ ಹಾಲು ಮೊಸರು ಒದಗಿಸು, ಕರೆದಾಗ ಬಾ, ಹೋಗು ಅಂದಾಗ ಹೋಗು. ಇದು ಕೆಲಸ ಅಲ್ದೆ ಇನ್ನೇನೋ? ನಿಂಗಾದ್ರೂ ಸಂಬಳ ಐತೆ. ನಂಗೆ ಅದೂ ಇಲ್ಲ. ಬರಿ!”

ಬರೆದೆ. ಬೇರೆ ದಾರಿಯಿರಲಿಲ್ಲ; ಮಾವನ ಗಂಟಲಿಗೆ ಆಗಲೇ ಪಕ್ಕದ ಕೋಣೆಯ ಶಿರಸ್ತೇದಾರರು ಎದ್ದು ಬಂದಿದ್ದರು. ಮಾವ ಹೇಳಿಸಿದ ಒಕ್ಕಣೆ ನನಗೆ ಇನ್ನೂ ನೆನಪಿದೆ: ‘ಮಹಾಸ್ವಾಮಿಯವರ ಪ್ರಜೆಯಾಗಿ ಹುಟ್ಟಿದಂದಿನಿಂದ ಒಂದು ದಿನವೂ ರಜೆ ತೆಗೆದುಕೊಳ್ಳದೆ ಕೆಲಸ ಮಾಡಿಕೊಂಡು ಬಂದಿರುತ್ತೇನೆ. ಈಗ ಬೇರೆ ಸರ್ಕಾರದಲ್ಲಿ ಇದೇ ಕೆಲಸ ದೊರೆಯುವ ಸಂಭವವಿರುವುದರಿಂದ ದಯಮಾಡಿ ಬಿಡುಗಡೆ ಮಾಡಿಸಿಕೊಡಬೇಕಾಗಿ ಬೇಡುತ್ತೇನೆ.’

ತಾಲ್ಲೂಕಿಗೆಲ್ಲ ದೊಡ್ಡವರಾದ ಅಮಲ್ದಾರರು ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಪುಣ್ಯಕ್ಕೆ ನಗೆ ಬಲ್ಲ ಮನುಷ್ಯ. ಮುಖ ಗಂಭೀರ ಮಾಡಿಕೊಂಡು ಕೇಳಿದರು:

“ಗೌಡರೇ, ಈ ಕೆಲಸಕ್ಕೆ ನಿಮ್ಮನ್ನು ನೇಮಕ ಮಾಡಿದ ಹುಕುಂ ಎಲ್ಲಿದೆ?”

“ಹುಟ್ಟಿದ್ದೇ ಹುಕುಂ ಸ್ವಾಮಿ.”

“ಹಾಗಾದರೆ ಬಿಡುಗಡೆ ಕೊಡೋನೂ ಹುಟ್ಟಿಸಿದೋನೇ. ಅದು ನನ್ನ ಇಲಾಖೆ ಅಲ್ಲ. ಹೋಗಿ ಬನ್ನಿ.”

ಹೊರಗೆ ಬಂದ ಮಾವನ ಮುಖದಲ್ಲಿ ಗೆದ್ದ ಕಳೆ. “ಹೋಗಿ ಬನ್ನಿ ಅಂದ್ರು, ಕೇಳಿಸ್ಕೊಂಡ್ಯಾ? ಅಂದ್ರೆ ಮಂಜೂರು!”

ಅಲ್ಲಿಂದ ಶುರುವಾಯಿತು ನೋಡಿ ಪರದೇಶದ ತಯಾರಿ! ಅಜ್ಜಂಪುರದ ಸಂತೆಗೆ ಆ ಸೀಮೆಯಿಂದ ಮೆಣಸಿನಕಾಯಿ ಮಾರಲು ಬರುವವರಿದ್ದರು. ಮಾವ ಅವರನ್ನು ಹಿಡಿದು ಕೂರಿಸಿಕೊಂಡು ಒಂದು ಗುಲಗಂಜಿಯಷ್ಟು ವ್ಯಾಪಾರವನ್ನೂ ಮಾಡದೆ ವಿಚಾರಣೆ ನಡೆಸಿದರು. ಅಲ್ಲಿ ಅಮಲ್ದಾರರಿಗೆ ಏನಂತಾರೆ? ಮಾಮಲೇದಾರ. ಅವರು ಒಳ್ಳೆಯವರೋ ಕೆಟ್ಟವರೋ? ಅಲ್ಲಿ ಸೇರು ಎಂದರೆ ನಮ್ಮ ಸೇರೋ, ನಿಮ್ಮ ಸೇರೋ? ಬಾವಿ ನೀರು ಸಿಹಿಯೋ, ಸವಳೋ? ಮುದ್ದೆ ಸಿಗುತ್ತದೆಯೋ? ಮೆಣಸಿನಕಾಯಿಯವನು ನಕ್ಕು, “ಮುದ್ದಿ ಎಲ್ಲಿದ್ರಿ? ರೊಟ್ಟಿ ತಿನ್ರಿ, ಗಟ್ಟಿ ಆಗ್ರಿ” ಎಂದ. ಅಂದಿನಿಂದ ಮಾವ ದಿನಕ್ಕೊಂದು ಜೋಳದ ರೊಟ್ಟಿ ತಿಂದು ದವಡೆ ಪಳಗಿಸತೊಡಗಿದರು. ರೊಟ್ಟಿ ಮುಗಿದ ಮೇಲೆ, ಹಸಿವೆಯಾಯಿತೆಂದು, ಮುದ್ದೆ ಊಟ ಮಾಡುತ್ತಿದ್ದರು.

ಭಾಷೆಯ ಅಭ್ಯಾಸವೂ ಆಯಿತು. ಆ ಸೀಮೆಯ ಮಾತಿನ ರಹಸ್ಯವೆಲ್ಲ ‘ರಿ’ಯಲ್ಲಿದೆ ಎಂದು ಮಾವ ಕಂಡುಹಿಡಿದುಬಿಟ್ಟರು. ಸಿಕ್ಕಿದ ಮಾತಿನ ಬಾಲಕ್ಕೆಲ್ಲ ಒಂದು ‘ರಿ’ ಕಟ್ಟಿದರು. ಒಂದು ದಿನ ಉಳುವಾಗ ಎತ್ತುಗಳಿಗೂ “ನಡೀರಿ, ತಿರುಗ್ರಿ” ಎಂದರು. ಎತ್ತುಗಳು ನಿಂತುಬಿಟ್ಟವು. ಜನ್ಮದಲ್ಲಿ ಯಾರೂ ಅವನ್ನು ಹಾಗೆ ಕರೆದಿರಲಿಲ್ಲ. ಪಾಪ, ಹಿಂದೆ ಯಾರಾದರೂ ದೊಡ್ಡ ಮನುಷ್ಯರು ಬಂದಿದ್ದಾರೇನೋ ಎಂದು ಕಾಯುತ್ತಿದ್ದವೋ ಏನೋ!

“ಏನಪ್ಪಾ, ಎತ್ತಿಗೂ ಮರ್ಯಾದೆ ಶುರುವಾಯ್ತಾ?” ಎಂದರು ಪಕ್ಕದ ಹೊಲದವರು.

“ನಾಳೆ ಅವೂ ಪರದೇಶದಲ್ಲಿ ಬಾಳ್ಬೇಕು ಕಣೋ. ಈಗಲೇ ಕಲೀಲಿ!”

ಎಲ್ಲಕ್ಕಿಂತ ದೊಡ್ಡ ತಮಾಷೆಯೆಂದರೆ ಅತ್ತೆಗೆ ನಡೆಯುತ್ತಿದ್ದ ಉಪದೇಶ. ಜಗಲಿಯ ಮೇಲೆ ಕೂತು ಮಾವ, ಆ ಸೀಮೆಯಲ್ಲೇ ಹುಟ್ಟಿ ಬೆಳೆದ ಹೆಂಡತಿಗೆ, ಆ ಸೀಮೆ ಹೇಗಿರುತ್ತದೆಂದು ವಿವರಿಸುತ್ತಿದ್ದರು! “ನೋಡು, ಅಲ್ಲಿ ಮಣ್ಣು ಕಪ್ಪಗಿರ್ತದೆ. ಮಳೆ ಬಂದ್ರೆ ಕಾಲಿಗೆ ಮೆತ್ಕೊಂಡು ಬಿಡಲ್ಲ. ಗಾಬರಿ ಆಗ್ಬೇಡ.” ಅತ್ತೆ ‘ಹೂಂ’ ಎನ್ನುತ್ತಿದ್ದರು. “ಜನ ಜೋರಾಗಿ ಮಾತಾಡ್ತಾರೆ. ಜಗಳ ಅಂದ್ಕೋಬೇಡ.” ‘ಹೂಂ.’

ಅಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ಹುಣಸೆಮರದ ವ್ಯಾಜ್ಯ ಮಾವನ ಕಡೆಗೇ ತೀರ್ಮಾನವಾಯಿತು! ಮರವೂ ಮಾವನದು, ಹಣ್ಣೂ ಮಾವನದು, ಕಾಗೆಯೂ ಮಾವನದೇ. ನಾನು ಹಿಗ್ಗಿನಿಂದ ಅಜ್ಜಂಪುರಕ್ಕೆ ಓಡಿಬಂದು ಸುದ್ದಿ ಹೇಳಿದೆ. ಇನ್ನು ಹೋಗುವ ಪ್ರಮೇಯವಿಲ್ಲವಲ್ಲ!

ಮಾವನ ಮುಖ ಒಂದು ಗಳಿಗೆ ಪೆಚ್ಚಾಯಿತು. ಆಮೇಲೆ ಸಾವರಿಸಿಕೊಂಡು, “ಒಳ್ಳೇದೇ ಆಯ್ತು ಬಿಡು. ಸೋತು ಹೋದ್ರೆ ಓಡಿಹೋದ ಅಂತಾರೆ. ಗೆದ್ದು ಹೋಗ್ಬೇಕು ಕಣೋ!” ಎಂದರು.

ಇಂಥವರಿಗೆ ಯಾರು ಬುದ್ಧಿ ಹೇಳುತ್ತಾರೆ? ಜಮೀನು, ತೋಟ ಊರಿನಲ್ಲೇ ಇದ್ದ ತಮ್ಮನ ವಶಕ್ಕೆ ಬಿಟ್ಟು, ಭಾವಮೈದುನನ ಊರಿನಲ್ಲಿ ಒಂದು ಮನೆ, ಗುತ್ತಿಗೆಗೆ ಒಂದು ಹೊಲ ಗೊತ್ತುಮಾಡಿಕೊಂಡು ಹೊರಟೇಬಿಟ್ಟರು. ಎತ್ತಿನ ಗಾಡಿಯನ್ನು ಆಳಿನ ಜೊತೆ ಮುಂದಾಗಿ ಕಳಿಸಿದ್ದಾಗಿತ್ತು. ಗಂಡಹೆಂಡಿರ ಜೊತೆಗೆ ನಮ್ಮಮ್ಮ ನನ್ನನ್ನು ಅಟ್ಟಿದಳು. ಮಾವನ ಸಾಮಾನಿನಲ್ಲಿ ರಾಗಿ ಮೂಟೆಯಿತ್ತು, ಬೀಸುವ ಕಲ್ಲಿತ್ತು, ತೆಂಗಿನ ಸಸಿಗಳಿದ್ದವು. ಸಸಿಗಳ ಗರಿ ಕಿಟಕಿಯಿಂದ ಹೊರಕ್ಕೆ ಚಾಚಿ, ರೈಲಿಗೇ ರೆಕ್ಕೆ ಬಂದ ಹಾಗೆ ಕಾಣುತ್ತಿತ್ತು. ಸ್ಟೇಷನ್ ಮಾಸ್ತರರು, “ಏನ್ರೀ ಇದು, ರೈಲೋ ತೋಟವೋ?” ಎಂದು ರೇಗಿದರು.

ಹರಿಹರದ ಸೇತುವೆ ಬಂತು. ಅತ್ತೆ ಕಿಟಕಿಗೆ ಹಣೆಯಿಟ್ಟು ಹೊಳೆಯನ್ನೇ ನೋಡುತ್ತಿದ್ದರು. ಸೇತುವೆಯ ನಡುಮಧ್ಯೆ ಮಾವ ಎದ್ದು ನಿಂತು, ಡಬ್ಬಿಯೆಲ್ಲ ಬೆಚ್ಚುವಂತೆ ಘೋಷಿಸಿದರು:

“ಇಲ್ಲಿಗೆ ನಮ್ಮ ಸರ್ಕಾರ ಮುಗೀತು!”

“ಯಾವ ಸರ್ಕಾರ ಮುಗದ್ರೂ ಚಲೋ ಆತ್ರಿ. ನನ್ನ ಕಾಲ ಮ್ಯಾಲಿಂದ ಇಳೀರಿ” ಎಂದ ಪಕ್ಕದಲ್ಲಿದ್ದ ಮುದುಕ.

ರಾಣೆಬೆನ್ನೂರಿನಲ್ಲಿ ಇಳಿದ ಮೇಲೆ ಮಾವ ಗೇಟಿನ ಹತ್ತಿರ ಎದೆಯುಬ್ಬಿಸಿ ನಿಂತುಕೊಂಡರು. ಯಾರು, ಎಲ್ಲಿಂದ, ಯಾಕೆ ಬಂದಿರಿ ಎಂದು ಇಂಗ್ರೇಜಿ ಸರ್ಕಾರದ ಅಧಿಕಾರಿ ಕೇಳಬೇಕು. ಮಾವ ಉತ್ತರ ಕೊಡಬೇಕು. ಟಿಕೇಟು ಇಸಿದುಕೊಂಡವನು ಬಿಟ್ಟರೆ ಒಂದು ನರಪಿಳ್ಳೆಯೂ ಕೇಳಲಿಲ್ಲ. ಒಂದು ನಾಯಿ ಮಾತ್ರ ಬಂದು ರಾಗಿ ಮೂಟೆ ಮೂಸಿ ಹೋಯಿತು.

“ಅಲ್ಲ ಕಣೋ, ದೇಶ ಬಿಟ್ಟು ಬಂದೋನ್ನ ಏನು ಎತ್ತ ಅಂತ ಒಬ್ರೂ ಕೇಳ್ಲಿಲ್ವಲ್ಲೋ!” ಎಂದರು ಮಾವ. ನಾನು ಅವರನ್ನು ಮನೆ ಮುಟ್ಟಿಸಿ, ಇವರ ಪರದೇಶ ಸುಗ್ಗಿಯವರೆಗೂ ಬಾಳದು ಎಂದು ಮನಸ್ಸಿನಲ್ಲೇ ನಗುತ್ತ ತರೀಕೆರೆಗೆ ಹಿಂತಿರುಗಿದೆ.

ಸುಗ್ಗಿ ಹೋಯಿತು. ಇನ್ನೊಂದು ಸುಗ್ಗಿಯೂ ಹೋಯಿತು. ಮಾವ ಬರಲಿಲ್ಲ. ಹೋಗಿ ನೋಡಿಕೊಂಡು ಬಾ ಎಂದು ಅಮ್ಮ ದುಂಬಾಲು ಬಿದ್ದಳು. ರಜೆ ಹಾಕಿ ಹೊರಟೆ.

ಊರಿನ ಬೀದಿ ತಿರುಗುತ್ತಿದ್ದ ಹಾಗೆಯೇ ಒಂದು ಹೆಂಗಸಿನ ದನಿ ಕೇಳಿಸಿತು. ಏನು ದನಿ ಅದು! ಬೀದಿಯ ಈ ತುದಿಗೆ ತುಂಬಿ ಬರುತ್ತಿತ್ತು, ಹಿಂದೆಯೇ ಹತ್ತಾರು ಜನರ ನಗೆ. ಮಾವನ ಮನೆಯ ಕಟ್ಟೆಯ ಮೇಲೆ ಹೆಂಗಸರೆಲ್ಲ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದರು. ನಡುವೆ ಒಬ್ಬಾಕೆ ಕೈ ಬೀಸಿ, ಕಣ್ಣು ಅಗಲಿಸಿ, ಯಾರದೋ ಮದುವೆಯಲ್ಲಿ ಬೀಗರು ಮುನಿಸಿಕೊಂಡ ಕಥೆಯನ್ನು ಹೇಳುತ್ತಿದ್ದರು. ನಾನು ಮನೆ ತಪ್ಪಿ ಬಂದೆನೆಂದುಕೊಂಡು ಹಿಂದಿರುಗುವುದರಲ್ಲಿದ್ದೆ.

“ಅಯ್ಯ, ನಮ್ಮ ಹುಡುಗ ಬಂದಾನ! ಬಾರಪಾ, ಒಳಗ ಬಾ. ಎಷ್ಟ ಸೊರಗೀದಿ ನೀ!”

ಅತ್ತೆ! ನಾನು ಹುಟ್ಟಿದಾಗಿನಿಂದ ಅವರ ಬಾಯಿಂದ ಒಟ್ಟಿಗೆ ಅಷ್ಟು ಮಾತು ಕೇಳಿರಲಿಲ್ಲ. ಕಟ್ಟೆಯ ಮೂಲೆಯಲ್ಲಿ, ಕಂಬಕ್ಕೆ ಒರಗಿಕೊಂಡು ಒಬ್ಬರು ಸುಮ್ಮನೆ ಕೂತಿದ್ದರು. ಅವರು ಮಾವ.

“ಚೆನ್ನಾಗಿದ್ದೀರಾ ಮಾವ?”

“ಹೂಂ ಕಣೋ” ಎಂದರು. ಅಷ್ಟಕ್ಕೇ ಹುಡುಗಿಯರು ಸೆರಗು ಬಾಯಿಗೆ ಒತ್ತಿಕೊಂಡು ಕಿಸಕ್ಕೆಂದರು. ಊರಿನ ಮಕ್ಕಳು ಅವರನ್ನು ‘ಕಣೋ ಕಾಕಾ’ ಎಂದು ಕರೆಯುತ್ತಿದ್ದರಂತೆ. ಮಾವ ಕೋಪಿಸಿಕೊಳ್ಳಲಿಲ್ಲ. ಮಾತನ್ನೂ ಮುಂದುವರಿಸಲಿಲ್ಲ.

ಸಂಜೆ ಇಬ್ಬರೂ ಹೊಲದ ಕಡೆ ಹೋದೆವು. ಕಪ್ಪು ಮಣ್ಣಿನ ಬದುವಿನ ಮೇಲೆ ಕೂತಾಗ ನಾನು ಕೇಳಿಯೇಬಿಟ್ಟೆ: “ಇಲ್ಲಿ ಹಿಂಗೆ ಬಾಯಿ ಕಟ್ಕೊಂಡು ಯಾಕಿದ್ದೀರಿ ಮಾವ? ನಮ್ಮೂರಿಗೆ ನಡೀರಿ.”

ಮಾವ ಒಂದು ಹೆಂಟೆ ತೆಗೆದು ಪುಡಿ ಮಾಡುತ್ತ ಕೂತರು.

“ನಿಮ್ಮತ್ತೆ ನಮ್ಮನೆಗೆ ಬಂದ ದಿನ ನಮ್ಮವ್ವಂಗೆ ‘ಕುಂದರ್ರಿ ಅತ್ತಿ’ ಅಂದ್ಳು ಕಣೋ. ಇನ್ನೂ ಸಣ್ಣ ಹುಡುಗಿ. ಮನೆ ಮಂದಿಯೆಲ್ಲ ಬಿದ್ದು ಬಿದ್ದು ನಕ್ರು. ನಾನೂ ನಕ್ಕೆ. ಆಮೇಲೆ ಹಬ್ಬ ಬಂದಾಗೆಲ್ಲ ಅದೇ ಮಾತು ಆಡಿ ತೋರಿಸೋರು. ಅವಳು ಬಾಯಿ ಮುಚ್ಕೊಂಡ್ಳು. ಸ್ವಭಾವವೇ ಹಂಗೆ ಅಂದ್ಕೊಂಡಿದ್ದೆ. ಊರು ಬಿಡೋ ಮಾತೆತ್ತೋಕ್ ಮುಂಚೆ ಒಂದಿನ ನಮ್ಮೂರ ಸಂತೇಲಿ, ಮೆಣಸಿನಕಾಯಿ ಮಾರೋ ಹೆಂಗಸಿನ ಹತ್ರ ಕೂತ್ಕೊಂಡು ಮಾತಾಡ್ತಿದ್ಳು. ನನ್ನ ನೋಡಿ ನಿಲ್ಲಿಸಿಬಿಟ್ಳು. ಅಷ್ಟು ಮಾತು ಇವಳಲ್ಲಿ ಎಲ್ಲಿತ್ತೋ ಅಂತ ನಂಗೆ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ.”

“ಮತ್ತೆ ಅದನ್ನೇ ಹೇಳ್ಬೋದಿತ್ತಲ್ಲ?”

“ಹೆಂಡ್ತಿ ಮಾತಾಡ್ಲಿ ಅಂತ ಊರು ಬಿಡ್ತೀನಿ ಅಂದಿದ್ರೆ ನಿಮ್ಮಮ್ಮ ಬಿಡ್ತಿದ್ಳೇನೋ?” ಎಂದು ಸ್ವಲ್ಪ ನಕ್ಕರು. ಆಮೇಲೆ ಮೆಲ್ಲಗೆ, “ನೀನೀಗ ಏನಾದ್ರೂ ಮಾತಾಡು. ನಮ್ಮೂರ ಮಾತು. ಯಾರು ಯಾರ್ನ ಬೈದ್ರು, ಅದನ್ನಾದ್ರೂ ಹೇಳು” ಎಂದರು.

ಹೇಳಿದೆ. ಅಜ್ಜಂಪುರದ ಜಗಳ, ತರೀಕೆರೆಯ ಸುದ್ದಿ, ಅಮ್ಮನ ಬೈಗಳು, ಎಲ್ಲವನ್ನೂ ಅವರವರ ಮಾತಿನಲ್ಲೇ ಹೇಳಿದೆ. ಮಾವ ಕಣ್ಣು ಮುಚ್ಚಿಕೊಂಡು ಕೇಳಿದರು. ಹೊತ್ತು ಮುಳುಗುತ್ತಿತ್ತು. ಅಷ್ಟರಲ್ಲಿ ಊರ ಕಡೆಯಿಂದ, ಅಡ್ಡಬಿದ್ದ ಹೊಲಗಳನ್ನೆಲ್ಲ ದಾಟಿಕೊಂಡು, ಅತ್ತೆಯ ಕೂಗು ಬಂತು:

“ಏನ್ರೀ! ರೊಟ್ಟಿ ಆರಾಕತ್ತಾವು! ಲಗೂನ ಬರ್ರಿ!”

ನಾನು ‘ಬಂದ್ವಿ’ ಎನ್ನಲು ಬಾಯಿ ತೆರೆದೆ. ಮಾವ ನನ್ನ ಮೊಣಕಾಲ ಮೇಲೆ ಕೈಯಿಟ್ಟು ತಡೆದರು.

“ಸುಮ್ನಿರು. ಇನ್ನೊಂದ್ಸಲ ಕೂಗ್ತಾಳೆ.”